ಗೆಳೆಯರು ಸೇರಿ ಸಿನಿಮಾ ಮಾಡಿದ್ರಾ, ಸಿನಿಮಾ ಸೇರಿಸಿ ಗೆಳೆಯರಾದ್ರಾ? ಮಿಸ್ಸಿಸ್ಸಿಪ್ಪಿ ಹುಡುಗರ 'ರೈಡರ್ಸ್' ಬಗ್ಗೆ ಚರ್ಚೆ

ಪಡಸಾಲೆ (ಚರ್ಚೆ ಶುರು ಮಾಡಿದವರು)

ವಿಷಯ ಗೊತ್ತಿಲ್ಲದವರಿಗೆ ಮೊದಲು ಚುಟುಕಾಗಿ ಹೇಳಿಬಿಡ್ತೀನಿ. ಸ್ಪೀಲ್‌ಬರ್ಗ್ ನಿರ್ದೇಶನದ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ಬಂದಿದ್ದು 1981ರಲ್ಲಿ. ಮರುವರ್ಷವೇ ಅಮೆರಿಕದ ಮಿಸ್ಸಿಸ್ಸಿಪ್ಪಿ ಕರಾವಳಿಯಲ್ಲಿ ಹನ್ನೊಂದು, ಹನ್ನೆರಡು ವಯಸ್ಸಿನ ಹುಡುಗರು ಆ ಸಿನಿಮಾವನ್ನ ಶಾಟಿಗೆ ಶಾಟು ನಾವೂ ತೆಗೀತೀವಿ ಅಂತ ಹೊರಟರು. ಬೇಸಿಗೆ ರಜೆಗಳಲ್ಲಿ ತೆಗೆದೂ ತೆಗೆದೂ ಮುಗಿಸಿದ್ದು 1989ಕ್ಕೆ. ಅಷ್ಟು ಹೊತ್ತಿಗೆ ಅವರಿಗೆಲ್ಲ ಮೀಸೆ ಬಂದಿತ್ತು. ಕ್ರಿಸ್ ಸ್ಟ್ರಾಂಪೊಲಸ್ ಹೀರೋ. ಎರಿಕ್ ಝಾಲಾ ನಿರ್ದೇಶಕ, ಜೊತೆಗೆ ಖಳನಾಯಕ ಬೆಲೊಕ್. ಜೇಸನ್ ಲ್ಯಾಂಬ್ ಕ್ಯಾಮೆರಾ, ಲೈಟು, ಮೇಕಪ್ಪು, ಟ್ರಿಕ್ಕು ಎಲ್ಲ.

ಇದನ್ನ ಹೇಳೋರೆಲ್ಲ 'ಮೂವರು ಗೆಳೆಯರು ಸೇರಿ ಸಿನಿಮಾ ಮಾಡಿದರು' ಅಂತಲೇ ಶುರು ಮಾಡ್ತಾರೆ. ನನ್ನ ತಕರಾರು ಅಲ್ಲೇ. ಅವರು ಗೆಳೆಯರಾಗಿರಲಿಲ್ಲ. ಕ್ರಿಸ್ ಮತ್ತು ಎರಿಕ್ ಒಂದೇ ಸ್ಕೂಲ್ ಬಸ್ಸಲ್ಲಿ ಹೋಗ್ತಿದ್ದರು, ಅಷ್ಟೆ. ಎರಿಕ್ ಕೈಲಿ ಆ ಸಿನಿಮಾದ ಕಾಮಿಕ್ಸ್ ಇತ್ತು, ಕ್ರಿಸ್ ಓದಿ ಕೊಡ್ತೀನಿ ಅಂತ ಇಸ್ಕೊಂಡ. ಕ್ರಿಸ್ ಮಾತುಗಾರ, ಆ ಸಿನಿಮಾದ ಹೀರೋ ಇಂಡಿಯಾನಾ ಜೋನ್ಸ್ ಆಗಲೇಬೇಕು ಅನ್ನೋ ಹುಚ್ಚಿನವನು. ಎರಿಕ್ ತಾನಾಯಿತು ತನ್ನ ಚಿತ್ರ ಬಿಡಿಸೋ ಹಾಳೆಯಾಯಿತು ಅನ್ನೋ ಜಾತಿ. ಆಟದ ಮೈದಾನದಲ್ಲಿ ಇವರಿಬ್ಬರೂ ಒಂದೇ ತಂಡಕ್ಕೆ ಬರೋದು ಸಾಧ್ಯವೇ ಇರಲಿಲ್ಲ ಅನ್ನೋದು ನನ್ನ ಅಂದಾಜು. ಆದರೆ ಒಬ್ಬನಿಗೆ ಹುಚ್ಚಿತ್ತು, ಇನ್ನೊಬ್ಬನಿಗೆ ಹಾಳೆ ಮೇಲೆ ಇಳಿಸೋ ತಾಳ್ಮೆ ಇತ್ತು. ಎರಿಕ್ ಬಿಡಿಸಿದ ಸ್ಟೋರಿಬೋರ್ಡ್ ಚಿತ್ರಗಳು, ಅಂದರೆ ಯಾವ ಶಾಟು ಹೇಗಿರಬೇಕು ಅಂತ ಮೊದಲೇ ಬಿಡಿಸಿಟ್ಟವು, 600ಕ್ಕೂ ಮೇಲೆ. ಕ್ರಿಸ್ ಒಬ್ಬನೇ ಆಗಿದ್ದರೆ ಟೋಪಿ ಹಾಕ್ಕೊಂಡು ಎರಡು ವಾರ ಆಡಿ ಬಿಡ್ತಿದ್ದ. ಎರಿಕ್ ಒಬ್ಬನೇ ಆಗಿದ್ದರೆ ಚಿತ್ರಗಳು ಡ್ರಾಯರ್‌ನಲ್ಲೇ ಉಳೀತಿದ್ದವು.

ಇನ್ನೊಂದು ವಿಷಯ ನೆನಪಿಡಿ. 1982ರಲ್ಲಿ ಈ ಸಿನಿಮಾದ ಕ್ಯಾಸೆಟ್ ಇನ್ನೂ ಮಾರ್ಕೆಟ್ಟಿಗೆ ಬಂದಿರಲಿಲ್ಲ, ಬಂದಿದ್ದು 1983ರ ಕೊನೆಗೆ. ಅಲ್ಲೀತನಕ ನೆನಪು, ಕಾಮಿಕ್ಸು, ಪತ್ರಿಕೆಗಳ ಫೋಟೋಗಳೇ ಆಧಾರ. ಸಿನಿಮಾ ಥಿಯೇಟರಿಗೆ ಮರುಬಿಡುಗಡೆ ಆದಾಗ ಟೇಪ್ ರೆಕಾರ್ಡರ್ ಬಚ್ಚಿಟ್ಟುಕೊಂಡು ಹೋಗಿ ಸೌಂಡ್ ಹಿಡ್ಕೊಂಡು ಬಂದರು. ಅಂದರೆ ಒಬ್ಬನಿಗೆ ನೆನಪಿದ್ದಿದ್ದು ಇನ್ನೊಬ್ಬನಿಗೆ ನೆನಪಿರಲ್ಲ, ಕೂತು ಜಗಳ ಆಡಲೇಬೇಕು. ನನ್ನ ಪ್ರಕಾರ ಗೆಳೆತನ ಹುಟ್ಟಿದ್ದು ಅಲ್ಲಿ. ಏಳು ವರ್ಷ ಅವರನ್ನ ಹಿಡಿದಿಟ್ಟಿದ್ದು ಪ್ರೀತಿ ಅಲ್ಲ, ಬಾಕಿ ಉಳಿದ ಕೆಲಸ. ಏನಂತೀರಿ?

ಹಳೇ ಕ್ಯಾಸೆಟ್

ಮದುವೆ ವಿಡಿಯೋ ತೆಗೆದು ಹೊಟ್ಟೆ ಹೊರೆದವನು ನಾನು, ತೊಂಬತ್ತರ ದಶಕದಲ್ಲಿ. ಹಾಗಾಗಿ ಈ ಸಿನಿಮಾ ನೋಡುವಾಗ ಕಥೆಗಿಂತ ಟೇಪಿನ ಕಡೆಗೇ ಕಣ್ಣು ಹೋಗುತ್ತೆ. ಆಗ ಎರಡು ಥರದ ವಿಡಿಯೋ ಕ್ಯಾಸೆಟ್ ಇದ್ದವು, ಇವರು ಬೀಟಾಮ್ಯಾಕ್ಸಲ್ಲಿ ಶುರು ಮಾಡಿ ಆಮೇಲೆ ವಿಎಚ್‌ಎಸ್‌ಗೆ ಬಂದವರು. ಎಡಿಟಿಂಗು ಅಂದರೆ ಇವತ್ತಿನ ಹಾಗೆ ಎಳೆದು ಕೂರಿಸೋದಲ್ಲ. ಒಂದು ಡೆಕ್ಕಿಂದ, ಅಂದರೆ ಕ್ಯಾಸೆಟ್ ಓಡಿಸೋ ಯಂತ್ರದಿಂದ, ಇನ್ನೊಂದಕ್ಕೆ ನೋಡ್ಕೊಂಡು ಇಳಿಸಬೇಕು. ಇಳಿಸಿದಷ್ಟೂ ಸಲ ಬಣ್ಣ ಹರಡುತ್ತೆ, ಕೆಂಪು ಅಂಚಿಂದ ಆಚೆ ಸೋರುತ್ತೆ. ಮದುವೆ ಕ್ಯಾಸೆಟ್ಟಲ್ಲಿ ವಧುವಿನ ಕೆಂಪು ಸೀರೆ ಪಕ್ಕದವರ ಭುಜದ ಮೇಲೂ ಹರಿದಿರೋದು ನೋಡಿರ್ತೀರಲ್ಲ, ಅದೇ. ಮಧ್ಯದಲ್ಲಿ ಒಂದು ಶಾಟು ಉದ್ದ ಆಯ್ತು ಅನ್ನಿಸಿದರೆ ಅಲ್ಲಿಂದ ಮುಂದಕ್ಕೆ ಎಲ್ಲಾ ಮತ್ತೆ ಇಳಿಸಬೇಕು. ಈ ಹುಡುಗರು ಕೊನೆಗೆ ಸ್ಥಳೀಯ ಟಿವಿ ಕೇಂದ್ರವೊಂದರ ಯಂತ್ರಗಳ ಮೇಲೆ ರಾತ್ರಿ ಹೊತ್ತು ಕೂತು ಎಡಿಟ್ ಮಾಡಿದ್ದು. ಅದಿಲ್ಲದೆ ಸುಮಾರು ನೂರು ನಿಮಿಷದ ಸಿನಿಮಾ ನೋಡೋ ಸ್ಥಿತಿಯಲ್ಲಿ ಹೊರಬರ್ತಿರಲಿಲ್ಲ.

ಇನ್ನೊಂದು ಮಜಾ. ದೃಶ್ಯಗಳನ್ನ ಅನುಕೂಲ ಆದಾಗ ಆದಷ್ಟು ತೆಗೆದಿದ್ದರಿಂದ ಹೀರೋ ಒಂದು ಬಾಗಿಲು ದಾಟುವಾಗ ದೊಡ್ಡವನು, ಆಚೆ ಬರುವಾಗ ಚಿಕ್ಕವನು. ದನಿ ಒಡೆದಿರುತ್ತೆ, ಮುಂದಿನ ಸೀನಲ್ಲಿ ಮತ್ತೆ ಕೀಚಲು. ಹತ್ತು ನಿಮಿಷ ನಗು ಬರುತ್ತೆ, ಆಮೇಲೆ ಅಭ್ಯಾಸ ಆಗಿಬಿಡುತ್ತೆ.

ಮೂರನೇ ಬೆಂಚು

ಪಡಸಾಲೆ ಸರ್, ನಿಮ್ಮ ವಾದ ಚೆನ್ನಾಗಿದೆ, ಆದರೆ ಸ್ವಲ್ಪ ಜಾಸ್ತಿ ಸಿಹಿ. ಏಳು ವರ್ಷ ಹಿಡಿದಿಟ್ಟಿದ್ದು ಕೆಲಸ ಅಂತೀರಿ. ನಾನು ಹೇಳೋದು, ಹಿಡಿದಿಟ್ಟಿದ್ದು ಎರಿಕ್ ಅಮ್ಮನ ಮನೆ. ನೆಲಮಾಳಿಗೆ ಇರೋ ದೊಡ್ಡ ಮನೆ, ಹಿಂದೆ ಜಾಗ, ಒಬ್ಬನ ಮನೆಯವರ ಕಡೆಯಿಂದ ಟಿವಿ ಕೇಂದ್ರದ ನಂಟು. ಖರ್ಚು ಐದಾರು ಸಾವಿರ ಡಾಲರು ಅಂತ ಹೇಳ್ತಾರೆ, ಪಾಕೆಟ್ ಮನಿ, ಬರ್ತ್‌ಡೇ ಗಿಫ್ಟು ಸೇರಿಸಿದ್ದು. ಆಗಿನ ಕಾಲಕ್ಕೆ ನಮ್ಮ ಊರಲ್ಲಿ ಆ ದುಡ್ಡಿಗೆ ಸೈಟು ಬರ್ತಿತ್ತು.

ದುಡ್ಡಿಲ್ಲದೆ ಮಾಡಿದವರನ್ನ ನೋಡಬೇಕು ಅಂದರೆ ಮಾಲೆಗಾಂವ್ ನೋಡಿ. ಮಹಾರಾಷ್ಟ್ರದ ಪವರ್‌ಲೂಮ್ ಊರು. ವಿಡಿಯೋ ಪಾರ್ಲರ್ ನಡೆಸ್ತಿದ್ದ ನಾಸಿರ್ ಶೇಖ್ ಊರಿನವರನ್ನೇ ಹಾಕ್ಕೊಂಡು 2000ದಲ್ಲಿ 'ಮಾಲೆಗಾಂವ್ ಕೆ ಶೋಲೆ' ತೆಗೆದ. ಡಕಾಯಿತರು ಕುದುರೆ ಬದಲು ಸೈಕಲ್ಲಲ್ಲಿ ಬರ್ತಾರೆ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಸಿನಿಮಾ ಅಲ್ಲಿ ಮಗ್ಗದ ಸದ್ದಿನ ನಡುವೆ ಮತ್ತೆ ಹುಟ್ಟಿತು. ಅವರ ಮೇಲೆ 2008ರಲ್ಲಿ ಬಂದ 'ಸೂಪರ್‌ಮೆನ್ ಆಫ್ ಮಾಲೆಗಾಂವ್' ಸಾಕ್ಷ್ಯಚಿತ್ರದಲ್ಲಿ ಸೂಪರ್‌ಮ್ಯಾನ್ ಆಗಿರೋ ಶಫೀಕ್ ಮಗ್ಗದ ಕೆಲಸಗಾರ, ಆಮೇಲೆ ಕ್ಯಾನ್ಸರಿಗೆ ತೀರಿಕೊಂಡ. ಅಲ್ಲಿ ಗೆಳೆತನ ಮೊದಲೇ ಇತ್ತು, ಸಿನಿಮಾ ಆಮೇಲೆ ಬಂತು. ನಿಮ್ಮ ಸಿದ್ಧಾಂತ ಅಲ್ಲಿ ನಿಲ್ಲಲ್ಲ.

ಪಡಸಾಲೆ

ಮಾಲೆಗಾಂವ್ ತಂದಿದ್ದು ಒಳ್ಳೇದಾಯ್ತು. ಆದರೆ ಅವರು ದೊಡ್ಡವರು, ಒಂದೇ ಊರಿನ ಒಂದೇ ಚಹಾ ಅಂಗಡಿಯವರು. ನಾನು ಕೇಳ್ತಿರೋದು ಮಕ್ಕಳ ವಿಷಯ. ಹನ್ನೊಂದನೇ ವಯಸ್ಸಲ್ಲಿ ಗೆಳೆಯರನ್ನ ನಾವು ಆರಿಸಿಕೊಳ್ಳಲ್ಲ. ಪಕ್ಕದ ಮನೆ, ಪಕ್ಕದ ಬೆಂಚು, ಅಪ್ಪನ ಆಫೀಸಿನ ಕ್ವಾರ್ಟರ್ಸು, ಸಿಕ್ಕವರೇ ಗೆಳೆಯರು. ಇವರು ಮಾತ್ರ ಒಂದು ಕೆಲಸಕ್ಕೆ ಯಾರು ಬೇಕು ಅಂತ ನೋಡಿ ಆರಿಸಿಕೊಂಡರು.

ಮನೆ ವಿಷಯ ಒಪ್ಪಿದೆ. ಆದರೆ ಆ ಕರಾವಳಿಯಲ್ಲಿ ದೊಡ್ಡ ಮನೆ, ವಿಡಿಯೋ ಕ್ಯಾಮೆರಾ ಇದ್ದ ಹುಡುಗರು ಇವರಿಬ್ಬರೇ ಅಲ್ಲವಲ್ಲ. ಉಳಿದವರು ಯಾಕೆ ತೆಗೀಲಿಲ್ಲ?

ಗುಂಡಣ್ಣ ಧಾರವಾಡ

ಅಲ್ರೀ, ಆ ತಾಯಿ ಬಗ್ಗೆ ಯಾರೂ ಮಾತಾಡವಲ್ರಲ್ಲ! ನೇಪಾಳದ ಸಾರಾಯಿ ಅಂಗಡಿ ಸೀನ್ ಐತಲ್ಲ, ಬೆಂಕಿ ಹತ್ತೋದು, ಅದನ್ನ ಈ ಹುಡುಗರು ಮನಿ ನೆಲಮಾಳಿಗ್ಯಾಗ ಖರೇನ ಬೆಂಕಿ ಹಚ್ಚಿ ತಗದಾರ. ಅಷ್ಟ ಸಾಲ್ದು ಅಂತ ಎರಿಕ್ ತನ್ನ ಬೆನ್ನಿಗೂ ಹಚ್ಚಿಸ್ಕೊಂಡಾನ. ಮನಿ ಮಂದಿ ಆ ಟೇಪ್ ನೋಡಿದ ಮ್ಯಾಲೆ ಶೂಟಿಂಗ್ ಬಂದ್. ದೊಡ್ಡವರು ಯಾರರ ಎದುರಿಗೆ ನಿಂತ್ರ ಮಾತ್ರ ಮುಂದ ಅಂತ ಕರಾರು. ನಮ್ಮವ್ವ ಆಗಿದ್ರ ಕ್ಯಾಮೆರಾನೂ ಒಲಿಗೆ, ನಾನೂ ಒಲಿಗೆ.

ಅದಕ್ಕ ನಾ ಹೇಳೋದು, ಬಂದ್ ಮಾಡಿದ ಮ್ಯಾಲೂ ಮತ್ತ ಬಿಟ್ಳಲ್ಲ ಆಕಿ, ಅದ ದೊಡ್ಡ ಮಾತು. ನೆಲಮಾಳಿಗಿ ಇರೋ ಮನಿ ಬೇಕಾದಷ್ಟು ಅದಾವ, ಬೆಂಕಿ ನೋಡಿದ ಮ್ಯಾಲೂ ಕೀಲಿ ಕೊಡೋ ತಾಯಿ ಎಷ್ಟು ಮಂದಿ ಅದಾರ? ಪಡಸಾಲೆಯವರ ಪ್ರಶ್ನೆಗೆ ಉತ್ತರ ಇದ.

ಡಾಕ್ಟ್ರಮ್ಮ ತುಮಕೂರು

ನಾನು ದಂತವೈದ್ಯೆ. ನನಗೆ ಎದೆ ಝಲ್ ಅಂದಿದ್ದು ಬೆಂಕಿ ಸೀನಲ್ಲ, ಪ್ಲಾಸ್ಟರ್ ಕಥೆ. ಕೊನೇಲಿ ಖಳನಾಯಕನ ತಲೆ ಸಿಡಿಯುತ್ತಲ್ಲ, ಅದಕ್ಕೆ ಎರಿಕ್ ಮುಖದ ಅಚ್ಚು ಬೇಕಿತ್ತು. ತಂದಿದ್ದು ಕಾರ್ಖಾನೆಗಳಲ್ಲಿ ಬಳಸೋ ಗಟ್ಟಿ ಪ್ಲಾಸ್ಟರು. ಅದು ಮುಖಕ್ಕೆ ಹಿಡ್ಕೊಂಡುಬಿಟ್ಟಿತು, ಬಿಡಿಸೋಕೆ ಆಸ್ಪತ್ರೆಗೆ ಓಡಬೇಕಾಯ್ತು. ಹುಬ್ಬು, ರೆಪ್ಪೆ ಕೂದಲು ಹೋಯ್ತು.

ಯಾಕೆ ಹೀಗಾಗುತ್ತೆ ಅಂದರೆ, ಪ್ಲಾಸ್ಟರಿಗೆ ನೀರು ಬಿದ್ದು ಗಟ್ಟಿಯಾಗೋವಾಗ ಅದು ಬಿಸಿ ಬಿಡುತ್ತೆ. ಬಟ್ಟಲಲ್ಲಿ ಕಲಸಿ ಐದು ಹತ್ತು ನಿಮಿಷ ಬಿಟ್ಟು ಹೊರಗಿಂದ ಮುಟ್ಟಿ ನೋಡಿ, ಗೊತ್ತಾಗುತ್ತೆ. ದಪ್ಪ ಹಚ್ಚಿದಷ್ಟೂ ಬಿಸಿ ಜಾಸ್ತಿ. ಕೂದಲು ಒಳಗೆ ಸಿಕ್ಕಿಕೊಂಡರೆ ಆಮೇಲೆ ಬರೋದು ಕಿತ್ತುಕೊಂಡೇ. ನಾವು ಬಾಯಿಯ ಅಳತೆಗೆ ಬಳಸೋ ಆಲ್ಜಿನೇಟ್ ಬೇರೆ. ಸಮುದ್ರದ ಪಾಚಿಯಿಂದ ಮಾಡಿದ್ದು, ತಣ್ಣಗಿರುತ್ತೆ, ರಬ್ಬರಿನ ಹಾಗೆ ಎದ್ದು ಬರುತ್ತೆ. ಸಿನಿಮಾ ಮೇಕಪ್ಪಿನವರೂ ಮುಖದ ಅಚ್ಚಿಗೆ ಮೊದಲು ಅದನ್ನೇ ಹಚ್ಚೋದು, ಅದರ ಮೇಲೆ ಆಧಾರಕ್ಕೆ ಪ್ಲಾಸ್ಟರ್ ಪಟ್ಟಿ. ಇಲ್ಲಿ ಶಾಲಾ ಮಕ್ಕಳ ಪ್ರಾಜೆಕ್ಟಿಗೆ ಮುಖವಾಡ ಮಾಡಿಸೋ ಅಪ್ಪ ಅಮ್ಮಂದಿರು ಯಾರಾದರೂ ಇದ್ದರೆ, ದಯವಿಟ್ಟು ನೇರ ಪ್ಲಾಸ್ಟರ್ ಹಚ್ಚಬೇಡಿ.

ಚರ್ಚೆ ವಿಷಯಕ್ಕೆ ಬಂದರೆ, ಕಣ್ಣು ಮುಚ್ಚಿ, ಬಾಯಿ ಮುಚ್ಚಿ, ಮುಖ ಪೂರ್ತಿ ಇನ್ನೊಬ್ಬನ ಕೈಗೆ ಕೊಟ್ಟು ಮಲಗೋದು ಸಣ್ಣ ಮಾತಲ್ಲ. ನನ್ನ ಕುರ್ಚಿಯಲ್ಲಿ ದೊಡ್ಡವರೇ ಕೈ ಹಿಡಿದು ನಿಲ್ಲಿಸ್ತಾರೆ. ಆ ಹುಡುಗ ಆಸ್ಪತ್ರೆಯಿಂದ ಬಂದ ಮೇಲೂ ಅದೇ ತಂಡದ ಜೊತೆ ಮುಂದುವರಿದ. ಇದಕ್ಕೆ 'ಬಾಕಿ ಕೆಲಸ' ಅಂತ ಮಾತ್ರ ಹೆಸರಿಟ್ಟರೆ ನಾನು ಒಪ್ಪಲ್ಲ ಪಡಸಾಲೆಯವರೇ.

ಲೈಟ್‌ಬಾಯ್

ಎಲ್ಲಾ ಕ್ರಿಸ್ ಎರಿಕ್, ಕ್ರಿಸ್ ಎರಿಕ್. ಮೂರನೆಯವನ ಕಥೆ ಯಾರಿಗೂ ಬೇಡ. ಜೇಸನ್ ಇಲ್ಲದಿದ್ದರೆ ಆ ಸಿನಿಮಾದಲ್ಲಿ ಒಂದು ಫ್ರೇಮೂ ಇರ್ತಿರಲಿಲ್ಲ. ಕ್ಯಾಮೆರಾ ಹಿಂದೆ ಅವನು, ಕರಗೋ ಮುಖ ಮಾಡಿದವನು ಅವನು. ಹಾಗಿದ್ದೂ ಹೆಸರು ಬಂದಾಗ ಇಬ್ಬರು ಒಂದು ಕಡೆ, ಇವನು ಒಂದು ಕಡೆ. 2015ರಲ್ಲಿ ಬಂದ 'ರೈಡರ್ಸ್!' ಸಾಕ್ಷ್ಯಚಿತ್ರದಲ್ಲಿ ಜೇಸನ್ ಮಾತಾಡೋದನ್ನ ಗಮನಿಸಿ. ತನ್ನನ್ನ ಹೊರಗಿಟ್ಟರು ಅನ್ನೋ ನೋವು ಇಪ್ಪತ್ತೈದು ವರ್ಷ ಆದ ಮೇಲೂ ಹಸಿಯಾಗಿದೆ.

ನಾಟಕ ಕಂಪನಿಯಲ್ಲಿ ಲೈಟು ಹಿಡಿದವನು ನಾನು, ನನಗೆ ಇದು ಹೊಸದಲ್ಲ. ಪಡಸಾಲೆಯವರ ಮಾತು ನಿಜವಾಗಿದ್ದರೆ, ಕೆಲಸವೇ ಗೆಳೆತನ ಆಗಿದ್ದರೆ, ಎಲ್ಲರಿಗಿಂತ ಹೆಚ್ಚು ಗೆಳೆಯ ಆಗಬೇಕಿದ್ದವನು ಜೇಸನ್. ಆಗಲಿಲ್ಲ. ಯಾಕೆ?

ಪಡಸಾಲೆ

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಅರ್ಧ ಇದೆ. ಕ್ರಿಸ್, ಎರಿಕ್ ನಡುವಿನ ಮಾತು 'ಸಿನಿಮಾ ಹೇಗಿರಬೇಕು' ಅಂತ. ಜೇಸನ್ ಜೊತೆಗಿನ ಮಾತು 'ಇದನ್ನ ಮಾಡಿಕೊಡ್ತೀಯಾ' ಅಂತ. ಒಂದೇ ಕೆಲಸದೊಳಗೂ ಕೂರೋ ಜಾಗ ಬೇರೆ ಬೇರೆ ಇರುತ್ತೆ.

ಅಷ್ಟಕ್ಕೂ ಆ ಇಬ್ಬರ ಗೆಳೆತನವೂ ಸಿನಿಮಾ ಮುಗಿಯೋ ಹೊತ್ತಿಗೆ ಸರಿಯಾಗಿ ಇರಲಿಲ್ಲ. 1989ರಲ್ಲಿ ಕೋಕಾ ಕೋಲಾ ಘಟಕದ ಸಭಾಂಗಣದಲ್ಲಿ ಸುಮಾರು 200 ನೆಂಟರಿಷ್ಟರಿಗೆ ತೋರಿಸಿದರು, ಕೈತಟ್ಟಿದರು, ಮನೆಗೆ ಹೋದರು. ಆಮೇಲೆ ಎಲ್ಲರೂ ದಿಕ್ಕಾಪಾಲು. ಹತ್ತು ವರ್ಷಕ್ಕೂ ಮೇಲೆ ಆ ಟೇಪಿನ ಸುದ್ದಿಯೇ ಇಲ್ಲ. ಕೆಲಸ ಮುಗೀತು, ಬಂಧ ಸಡಿಲ ಆಯ್ತು. ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಳೇ ಕ್ಯಾಸೆಟ್

ಟೇಪು ಹೊರಬಂದ ಕಥೆ ನಾನು ಹೇಳ್ತೀನಿ, ಅದು ನನಗೆ ಇಷ್ಟ. ಅದರ ಒಂದು ಪ್ರತಿ ಕೈಯಿಂದ ಕೈಗೆ ಹೋಗಿ ನಿರ್ದೇಶಕ ಈಲೈ ರಾತ್‌ಗೆ ಸಿಕ್ಕಿತು. ಅವನು 2002ರ ಕೊನೆಗೆ ಟೆಕ್ಸಸ್‌ನ ಆಸ್ಟಿನ್‌ಗೆ ತಂದ. ಅಲಾಮೋ ಡ್ರಾಫ್ಟ್‌ಹೌಸ್ ಅನ್ನೋ ಥಿಯೇಟರಲ್ಲಿ ಹಗಲೂ ರಾತ್ರಿ ಸಿನಿಮಾ ತೋರಿಸೋ ಜಾತ್ರೆ ನಡೀತಿತ್ತು. ಮಧ್ಯೆ ಸಮಯ ತುಂಬಿಸೋಕೆ ಅಂತ ಇದನ್ನ ಹಾಕಿದರು. ಅರ್ಧಕ್ಕೆ ನಿಲ್ಲಿಸಿ 'ಲಾರ್ಡ್ ಆಫ್ ದಿ ರಿಂಗ್ಸ್' ಎರಡನೇ ಭಾಗ ಹಾಕಬೇಕಿತ್ತು, ಇನ್ನೂ ಬಿಡುಗಡೆಯೇ ಆಗಿರದ ಸಿನಿಮಾ. ಜನ ಕೂಗಾಡಿದರಂತೆ, ಹುಡುಗರದ್ದೇ ಬೇಕು ಅಂತ! ಮುಂದಿನ ಮೇ ತಿಂಗಳಲ್ಲಿ ಅದೇ ಥಿಯೇಟರಲ್ಲಿ ಪೂರ್ತಿ ತೋರಿಸಿದಾಗ ಮೂವರೂ ಬಂದರು. ಸ್ಪೀಲ್‌ಬರ್ಗ್‌ಗೂ ಪ್ರತಿ ಹೋಗಿ, ಅವರು ಪತ್ರ ಬರೆದು, ಆಮೇಲೆ ಕರೆಸಿ ಮಾತಾಡಿಸಿದರು.

ಮೂರನೇ ಬೆಂಚು

ಅಂದರೆ ಸಿನಿಮಾ ಇಲ್ಲದ ವರ್ಷಗಳಲ್ಲಿ ಗೆಳೆತನವೂ ಇಲ್ಲ, ಸಿನಿಮಾ ತಿರುಗಿ ಬಂದಾಗ ಗೆಳೆತನವೂ ತಿರುಗಿ ಬಂತು. ನನಗೇ ವಿರುದ್ಧವಾಗಿ ಹೇಳ್ತಿದ್ದೀನಿ, ಇರಲಿ. ಆದರೆ ಇದರಲ್ಲಿ ಖುಷಿ ಪಡೋದೇನಿದೆ ಅಂತ ನನಗೆ ಅರ್ಥ ಆಗ್ತಿಲ್ಲ. ಮಧ್ಯೆ ಒಂದು ಕೆಲಸ ಇಲ್ಲದಿದ್ದರೆ ಎದುರುಬದುರು ಕೂತು ಮಾತಾಡೋಕಾಗದವರು ಗೆಳೆಯರಾ?

ಚಿಣ್ಣರಮೇಳದ ಹುಡುಗಿ

ಗೆಳೆಯರೇ, ಯಾಕಲ್ಲ? ನಾನು ಮೈಸೂರಿನವಳು. ರಂಗಾಯಣದ ಚಿಣ್ಣರಮೇಳ ಗೊತ್ತಲ್ಲ, ಬೇಸಿಗೆ ರಜೆಯಲ್ಲಿ ಮಕ್ಕಳ ನಾಟಕದ ಶಿಬಿರ. ಅಲ್ಲಿ ನನ್ನ ಜೊತೆ ಇದ್ದವಳು ನಮ್ಮ ಶಾಲೆಯಲ್ಲಾಗಿದ್ದರೆ ನಾನು ಮಾತಾಡಿಸ್ತಿರಲಿಲ್ಲ, ಅವಳೂ ನನ್ನನ್ನ ಮಾತಾಡಿಸ್ತಿರಲಿಲ್ಲ. ನಾನು ಕಾನ್ವೆಂಟು, ಅವಳು ಸರ್ಕಾರಿ ಶಾಲೆ. ನಾಟಕದಲ್ಲಿ ನಾವಿಬ್ಬರೂ ಒಂದೇ ಕುದುರೆ. ನಾನು ಮುಂದಿನ ಕಾಲು, ಅವಳು ಹಿಂದಿನ ಕಾಲು, ಮೇಲೆ ಒಂದೇ ಬಟ್ಟೆ. ಅವಳು ಬಗ್ಗಿ ನನ್ನ ಸೊಂಟ ಹಿಡ್ಕೊಂಡಿರಬೇಕು, ಅವಳಿಗೆ ಏನೂ ಕಾಣಲ್ಲ, ನಾನು 'ಎಡ, ಎಡ, ಮೆಟ್ಟಿಲು' ಅಂತ ಪಿಸುಗುಡಬೇಕು. ಬೆವರಿನ ವಾಸನೆಗೆ ಇಬ್ಬರೂ ಒಳಗೇ ನಗ್ತಿದ್ವಿ. ಶಿಬಿರ ಮುಗಿದ ಮೇಲೆ ನಾವು ಮತ್ತೆ ಹತ್ತಿರ ಆಗಲಿಲ್ಲ. ಈಗ ದೇವರಾಜ ಮಾರ್ಕೆಟ್ ಹತ್ತಿರ ಸಿಕ್ಕರೆ ಐದು ನಿಮಿಷ ನಿಂತು ಮಾತಾಡ್ತೀವಿ, ಆರನೇ ನಿಮಿಷಕ್ಕೆ ವಿಷಯ ಇರಲ್ಲ. ಆದರೂ ನನ್ನ ಬೆನ್ನು ಅವಳಿಗೆ ಗೊತ್ತಿರುವಷ್ಟು ನಮ್ಮ ಅಕ್ಕನಿಗೂ ಗೊತ್ತಿಲ್ಲ.

ನಮಗೆ ಸಿಕ್ಕಿದ್ದು ಒಂದು ಬೇಸಿಗೆ. ಅವರು ಅಂಥ ಬೇಸಿಗೆಗಳನ್ನ ಸಾಲಾಗಿ ಮಾಡ್ಕೊಂಡರು, ನನಗೆ ಹೊಟ್ಟೆಕಿಚ್ಚು ಇರೋದು ಅದಕ್ಕೆ.

ಡಾಕ್ಟ್ರಮ್ಮ ತುಮಕೂರು

ಕುದುರೆ ಹಿಂದಿನ ಕಾಲಿನವರನ್ನೂ ಈ ಚರ್ಚೆಗೆ ಕರ್ಕೊಂಡು ಬನ್ನಿ, ಅವರ ಮಾತು ಬೇರೆ ಇರಬಹುದು. ಲೈಟ್‌ಬಾಯ್ ಹೇಳಿದ ಜೇಸನ್ ಕಥೆಯೂ ಅದೇ ಅಲ್ವಾ?

ಚಿಣ್ಣರಮೇಳದ ಹುಡುಗಿ

ಅದು ನನಗೆ ಹೊಳೆದಿರಲಿಲ್ಲ ಡಾಕ್ಟ್ರೇ. ಕೇಳ್ತೀನಿ.

ಗುಂಡಣ್ಣ ಧಾರವಾಡ

ಒಂದು ಸಣ್ಣ ಪ್ರಶ್ನೆರೀ. ಕೋತಿ, ಹಡಗು, ವಿಮಾನ, ಸಬ್‌ಮರೀನು, ಇವಕ್ಕೆಲ್ಲ ಏನ್ ಮಾಡಿದ್ರು? ಮತ್ತ ಆ ಉರುಳೋ ಬಂಡಿಗಲ್ಲು?

ಹಳೇ ಕ್ಯಾಸೆಟ್

ಕೋತಿ ಬದಲು ಸಾಕಿದ ನಾಯಿ, ಅದರ ಹೆಸರು ಸ್ನಿಕರ್ಸ್. ಮೂಲ ಸಿನಿಮಾದ ಮೊದಲ ಭಾಗದಲ್ಲಿ ಹೀರೋ ಹತ್ತಿ ಪಾರಾಗೋ ವಿಮಾನದ ಜಾಗದಲ್ಲಿ ಮೋಟರ್ ಬೋಟು. ಸಬ್‌ಮರೀನ್ ಮಾತ್ರ ನಿಜವಾದದ್ದೇ. ಪಕ್ಕದ ಅಲಬಾಮಾದ ಮೊಬೈಲ್ ನಗರದಲ್ಲಿ ಹಳೇ ಯುದ್ಧನೌಕೆ, ಸಬ್‌ಮರೀನ್ ಇಟ್ಟಿರೋ ಸಂಗ್ರಹಾಲಯ ಇದೆ, ಅಲ್ಲಿ ಅನುಮತಿ ತಗೊಂಡು ತೆಗೆದರು. ಲಾರಿ ಬೆನ್ನಟ್ಟೋ ಸೀನಿಗೆ ಎಂಜಿನ್ ಇಲ್ಲದ ಹಳೇ ಲಾರಿ, ಅದನ್ನ ಎಳ್ಕೊಂಡು ಹೋಗೋದು. ಅದರ ಕೆಳಗೆ ಕ್ರಿಸ್ ನಿಜವಾಗಿಯೇ ಜೋತಾಡಿದಾನೆ. ಬಂಡೆ ಒಂದಲ್ಲ, ಹಲವು. ಮೊದಲು ಮಾಡಿದ್ದು ಕೋಣೆ ಬಾಗಿಲಲ್ಲಿ ತೂರಲೇ ಇಲ್ಲ. ಕೊನೆಗೆ ಉರುಳಿದ್ದು ಫೈಬರ್‌ಗ್ಲಾಸಿಂದು.

ಇದೆಲ್ಲ ನೋಡೋಕೆ ಎಲ್ಲಿ ಸಿಗುತ್ತೆ ಅಂತ ಕೇಳೋರಿಗೆ: ಕಥೆ, ಸಂಗೀತ ಎಲ್ಲಾ ಬೇರೆಯವರ ಹಕ್ಕಿನದು, ಮಾಮೂಲಿ ಸಿನಿಮಾದ ಹಾಗೆ ವ್ಯಾಪಾರಕ್ಕೆ ಬಿಡುವಂತಿಲ್ಲ. ವಿಶೇಷ ಪ್ರದರ್ಶನಗಳಲ್ಲೇ ಹೆಚ್ಚು ಓಡಿದ್ದು. ಸಾಕ್ಷ್ಯಚಿತ್ರ ಹುಡುಕೋದು ಸುಲಭ.

ಲೈಟ್‌ಬಾಯ್

ದೊಡ್ಡ ವಿಮಾನದ ಫೈಟ್ ಬಿಟ್ಟಿರಿ. ರೆಕ್ಕೆ ಕೆಳಗಿನ ಜಗಳ, ಪೆಟ್ರೋಲು, ಸ್ಫೋಟ. ಹುಡುಗರಾಗಿದ್ದಾಗ ಅದೊಂದನ್ನೇ ತೆಗೆಯೋಕೆ ಆಗಿರಲಿಲ್ಲ. 2014ರಲ್ಲಿ ಜನರಿಂದ ಆನ್‌ಲೈನಲ್ಲಿ ದುಡ್ಡು ಎತ್ತಿ ಅದನ್ನೂ ತೆಗೆದರು, ನಲವತ್ತು ದಾಟಿದ ಮೇಲೆ. ನನ್ನ ಕೇಳಿದರೆ ಬೇಡವಾಗಿತ್ತು. ಹುಡುಗರ ಸಿನಿಮಾಕ್ಕೆ ಬಾಡಿಗೆ ತಂತ್ರಜ್ಞರು, ನಿಜವಾದ ಸ್ಫೋಟ, ಅದು ಬೇರೆಯೇ ಸಿನಿಮಾ.

ಪಡಸಾಲೆ

ಬೇಕಿತ್ತು. ಸಾಕ್ಷ್ಯಚಿತ್ರದಲ್ಲಿ ನನಗೆ ಅತಿ ಇಷ್ಟವಾದ ಭಾಗವೇ ಅದು. ಮಿಸ್ಸಿಸ್ಸಿಪ್ಪಿಯಲ್ಲಿ ಮಳೆ ಹಿಡ್ಕೊಂಡಿದೆ, ಕಾಲಿಟ್ಟಲ್ಲಿ ಕೆಸರು, ವಿಮಾನದ ಸೆಟ್ಟು ನೆನೀತಿದೆ, ಶೂಟಿಂಗ್ ದಿನ ಮೀರ್ತಿದೆ. ಎರಿಕ್ ಫೋನ್ ಹಿಡ್ಕೊಂಡು ಆಫೀಸಿನ ಬಾಸ್ ಹತ್ತಿರ ರಜೆ ಮುಂದುವರಿಸೋಕೆ ಗೋಗರೀತಿದಾನೆ. ಹೆಂಡತಿ ಮಕ್ಕಳಿರೋ ಗಂಡಸು, ಕೆಲಸ ಹೋದರೂ ಹೋಗಬಹುದು, ಯಾವುದಕ್ಕೆ? ಹನ್ನೆರಡನೇ ವಯಸ್ಸಲ್ಲಿ ಒಪ್ಪಿಕೊಂಡ ಕೆಲಸಕ್ಕೆ. ಬಾಡಿಗೆ ತಂತ್ರಜ್ಞರು ಇರಲಿ ಬಿಡಿ, ಬಾಸ್‌ಗೆ ಫೋನ್ ಮಾಡಿದ್ದು ಅವರಲ್ಲ.

ಲೈಟ್‌ಬಾಯ್

ಸರಿ, ಬಾಕಿ ಒಂದು ಸೀನ್ ತೀರಿತು. ಜೇಸನ್ ಲೆಕ್ಕ ಯಾವಾಗ ತೀರೋದು?

ಗುಂಡಣ್ಣ ಧಾರವಾಡ

ಲೈಟ್‌ಬಾಯ್ ಅವರ, ನೀವು ಬಿಡೋ ಪೈಕಿ ಅಲ್ಲ. ನಾಟಕ ಕಂಪನಿದು ಬರೀರಿ ಒಂದು, ಬ್ಯಾರೆ ಚರ್ಚೆ ಶುರು ಮಾಡ್ರಿ. ಅಲ್ಲಿ ಕೂತು ಜಗಳಾಡೋಣಂತ.